ಪರಿಮಳದ ಕುಲಗೋತ್ರ

ವ್ಯಾಕರಣ ಪಾಠ ಹೇಳುವವನಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಆದರೆ ಆ ಶಾಸ್ತ್ರದವರೂ ಒಮ್ಮೊಮ್ಮೆ ನಮ್ಮ ಕೆಲಸವನ್ನೇ ಮಾಡುತ್ತಾರೆ. ಅರಬ್ಬರು ಕಣ್ಣಿಗೆ ಹಚ್ಚುತ್ತಿದ್ದ ಕಾಡಿಗೆಯ ಪುಡಿಗೆ 'ಅಲ್ ಕುಹ್ಲ್' ಎಂದು ಹೆಸರು. ಅದು ಯುರೋಪಿಗೆ ಹೋಗಿ, ಮೊದಲು ಯಾವುದೇ ನುಣುಪಾದ ಪುಡಿಗೆ, ಆಮೇಲೆ ಯಾವುದೇ ವಸ್ತುವಿನ ಸಾರಕ್ಕೆ, ಕೊನೆಗೆ ದ್ರಾಕ್ಷಾರಸವನ್ನು ಭಟ್ಟಿ ಇಳಿಸಿದಾಗ ಬರುವ ಸಾರಕ್ಕೆ ಹೆಸರಾಗಿ 'ಆಲ್ಕೊಹಾಲ್' ಆಯಿತು. ಕಣ್ಣು ಕಪ್ಪಾಗಿಸುತ್ತಿದ್ದ ಮಾತು ಕಣ್ಣು ಕೆಂಪಾಗಿಸುವ ಮಾತಾಯಿತು. ಅರ್ಥವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? 1835ರಲ್ಲಿ ಜರ್ಮನಿಯ ಲೀಬಿಗ್ ಎಂಬ ವಿದ್ವಾಂಸನು ಆಲ್ಕೊಹಾಲಿನಿಂದ ಜಲಜನಕವನ್ನು ಕಳೆದಾಗ ಸಿಗುವ ವಸ್ತುವಿಗೆ ಹೆಸರಿಡಬೇಕಾಗಿ ಬಂದಾಗ, 'ಜಲಜನಕ ಕಳೆದ ಆಲ್ಕೊಹಾಲ್' ಎಂಬರ್ಥದ ಲ್ಯಾಟಿನ್ ಮಾತನ್ನು ಅಲ್ಲಲ್ಲಿ ಕತ್ತರಿಸಿ 'ಆಲ್ಡಿಹೈಡ್' ಎಂದು ಮಾಡಿದನು. ವಸ್ತುವಿನಲ್ಲಿಯೂ ಲೋಪ, ಹೆಸರಿನಲ್ಲಿಯೂ ಲೋಪ! ಈ ಆಲ್ಡಿಹೈಡಿಗೆ ಒಂದು ಆಮ್ಲಜನಕ ಬಂದು ಸೇರಿದರೆ ಅದು ಆಮ್ಲ, ಅದು ಆಗಮ.

ಈ ಲೋಪಾಗಮಗಳ ಮೇಲೆ ಇಂದು ಜಗತ್ತಿನ ಬಹು ದೊಡ್ಡ ವ್ಯಾಪಾರವೊಂದು ನಿಂತಿದೆ. ಮೀಥೈಲ್ ಆಲ್ಕೊಹಾಲಿನಿಂದ ಫಾರ್ಮಾಲ್ಡಿಹೈಡ್ ಆಗುತ್ತದೆ. ಅದರಿಂದ ಪ್ಲೈವುಡ್ಡಿನ ಅಂಟು ಆಗುತ್ತದೆ. ನೀವು ಈ ಪತ್ರಿಕೆಯನ್ನು ಹರಡಿಕೊಂಡಿರುವ ಮೇಜನ್ನು ಹಿಡಿದು ನಿಲ್ಲಿಸಿರುವುದೂ ಆ ಅಂಟೇ ಇರಬಹುದು. ಇಂಥ ಸರಕಿಗೆ ಕುಲಗೋತ್ರವನ್ನು ಯಾರೂ ಕೇಳುವುದಿಲ್ಲ. ಆದರೆ ಈ ವಂಶದಲ್ಲಿ ಒಬ್ಬನಿಗಂತೂ ಹುಟ್ಟಿದ ಮನೆಯನ್ನು ನೋಡಿ ಬೆಲೆ ಕಟ್ಟುತ್ತಾರೆ. ಅವನ ಹೆಸರು ವೆನಿಲಿನ್. ಐಸ್‌ಕ್ರೀಮಿನಲ್ಲಿ ನಮ್ಮ ಮಕ್ಕಳಿಗೆ ಪರಿಚಿತವಾದ ಪರಿಮಳ ಅವನದೇ.

ವೆನಿಲ್ಲಾ ಎಂಬುದು ಮೆಕ್ಸಿಕೊ ದೇಶದ ಒಂದು ಬಳ್ಳಿ. ಬೇರೆ ದೇಶಗಳಿಗೆ ಒಯ್ದು ನೆಟ್ಟಾಗ ಬಳ್ಳಿ ಬೆಳೆಯಿತು, ಹೂವಾಯಿತು, ಕಾಯಿ ಮಾತ್ರ ಕಚ್ಚಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಹನ್ನೆರಡು ವರ್ಷದ ಒಬ್ಬ ಗುಲಾಮ ಹುಡುಗ, ಎಡ್ಮಂಡ್, ಹೂವಿನೊಳಗಿನ ತೆಳುಪರದೆಯನ್ನು ಕಡ್ಡಿಯಿಂದ ಎತ್ತಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದನು, ಕಾಯಿ ಕಚ್ಚಿತು. ಇಂದಿಗೂ ತೋಟಗಳಲ್ಲಿ ನಡೆಯುವುದು ಅವನ ಕ್ರಮವೇ. 1848ರಲ್ಲಿ ಅವನಿಗೆ ಬಿಡುಗಡೆ ಸಿಕ್ಕಿತು, ಆಲ್ಬಿಯಸ್ ಎಂಬ ಮನೆಹೆಸರೂ ಸಿಕ್ಕಿತು. ವ್ಯಾಪಾರದ ಲಾಭದಲ್ಲಿ ಪಾಲು ಸಿಕ್ಕಲಿಲ್ಲ. 1880ರಲ್ಲಿ ಬಡವನಾಗಿಯೇ ಸತ್ತನು.

ಅಷ್ಟರಲ್ಲಿ, 1874ರಲ್ಲಿ, ಟೀಮಾನ್ ಮತ್ತು ಹಾರ್ಮಾನ್ ಎಂಬ ಇಬ್ಬರು ಜರ್ಮನರು ಪೈನ್ ಜಾತಿಯ ಮರದ ರಸದಿಂದ ವೆನಿಲಿನ್ ತಯಾರಿಸಿಬಿಟ್ಟಿದ್ದರು. ಇಂದು ಅದರ ಬಹುಭಾಗ ಪೆಟ್ರೋಲಿಯಂ ಮೂಲದಿಂದ ಬರುತ್ತದೆ. ನಾರ್ವೆಯಲ್ಲಿ ಮರದ ಸತ್ತ್ವದಿಂದ ತೆಗೆಯುವವರೂ ಇದ್ದಾರೆ. ಜಗತ್ತು ಬಳಸುವ ವೆನಿಲಿನ್‌ನಲ್ಲಿ ನೂರಕ್ಕೆ ಒಂದು ಪಾಲೂ ಬಳ್ಳಿಯಿಂದ ಬರುವುದಿಲ್ಲ.

ಈ ಬಳ್ಳಿ ನಮ್ಮ ಮಲೆನಾಡಿಗೂ ಬಂದಿತು. 2000ದಲ್ಲಿ ಮಡಗಾಸ್ಕರಿಗೆ ಹುಡಾ ಎಂಬ ಚಂಡಮಾರುತ ಬಡಿಯಿತು. ವೆನಿಲ್ಲಾ ಹೆಚ್ಚಾಗಿ ಬೆಳೆಯುವ ದೇಶವೇ ಅದಾದ್ದರಿಂದ ಧಾರಣೆ ಏರುತ್ತ ಹೋಗಿ, 2003ರ ಸುಮಾರಿಗೆ ಸಂಸ್ಕರಿಸಿದ ಕೋಡು ಕಿಲೋಗೆ ಐನೂರು ಡಾಲರಿನ ಹತ್ತಿರ ಮುಟ್ಟಿತು. ನಾನು ಆಗ ಕಾಲೇಜಿನಲ್ಲಿ ಓದುತ್ತಿದ್ದೆ. ರಜೆಯಲ್ಲಿ ಊರಿಗೆ ಹೋದರೆ ಅಡಕೆ ತೋಟದಲ್ಲೆಲ್ಲ ವೆನಿಲ್ಲಾ. ಜಗಲಿಯ ಮಾತೆಲ್ಲ ವೆನಿಲ್ಲಾ. ಹೂವು ಅರಳುವುದು ಒಂದೇ ಬೆಳಗು, ಮಧ್ಯಾಹ್ನಕ್ಕೆ ಬಾಡುತ್ತದೆ. ನಮ್ಮ ಚಿಕ್ಕಮ್ಮ ನಸುಕಿನಲ್ಲಿಯೇ ಕಡ್ಡಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದಳು. ಚಿಕ್ಕಪ್ಪ ಕಾಫಿಗೆ ಕರೆದರೆ, "ಕಾಫಿ ಆಮೇಲೆ, ಮುಹೂರ್ತ ಮೀರ್ತದೆ" ಎನ್ನುವಳು. ಬಿಸಿಲೇರಿದ ಮೇಲೆ ಬಂದು, "ಇವತ್ತು ಇನ್ನೂರು ಮದುವೆ ಮಾಡಿಸಿದೆ ಮಾರಾಯ, ಒಂದು ಮನೆಯವರೂ ಊಟ ಹಾಕಲಿಲ್ಲ" ಎಂದು ಸೊಂಟ ಹಿಡಿದು ಕುಳಿತುಕೊಳ್ಳುವಳು.

ಕಾಯಿ ಬಲಿಯಲು ಒಂಬತ್ತು ತಿಂಗಳು ಬೇಕು. ಹಸಿ ಕಾಯಿಗೆ ಪರಿಮಳವೇ ಇಲ್ಲ. ಅದರಲ್ಲಿ ವೆನಿಲಿನ್ ಸಕ್ಕರೆಯೊಂದಿಗೆ ಗಂಟುಬಿದ್ದಿರುತ್ತದೆ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಒಣಗಿಸಿದರೆ ಆ ಗಂಟು ಬಿಡುತ್ತದೆ. ಬಳ್ಳಿಯಾದರೂ ನೆಟ್ಟ ಕೂಡಲೆ ಹೂ ಬಿಡುವುದಿಲ್ಲ, ಮೂರು ವರ್ಷ ಕಾಯಬೇಕು. ಪೇಟೆ ಅಷ್ಟು ಕಾಯುವುದುಂಟೆ? ಬೆಲೆ ಏರಿದಾಗ ನೆಟ್ಟವರೆಲ್ಲರ ಬೆಳೆಯೂ ಒಟ್ಟಿಗೆ ಕೈಗೆ ಬರುವ ಹೊತ್ತಿಗೆ, ದೊಡ್ಡ ಖರೀದಿದಾರರು ಕಾರ್ಖಾನೆಯ ವೆನಿಲಿನ್ ಕಡೆಗೆ ತಿರುಗಿದ್ದರು. 2005ರಲ್ಲಿ ಅದೇ ಕೋಡು ಐವತ್ತು ಡಾಲರಿಗೂ ಕೆಳಗಿಳಿಯಿತು. ಚಿಕ್ಕಪ್ಪ ಒಂದು ದಿನ ಕತ್ತಿ ತೆಗೆದುಕೊಂಡು ಹೋಗಿ ಬಳ್ಳಿಗಳನ್ನು ಕಡಿದು ಅಡಕೆ ಮರದ ಬುಡಕ್ಕೆ ಗೊಬ್ಬರವಾಗಿ ಹಾಕಿದರು. ಚಿಕ್ಕಮ್ಮ ಆ ದಿನ ತೋಟಕ್ಕೆ ಹೋಗಲಿಲ್ಲ. 2017ರಲ್ಲಿ ಮಡಗಾಸ್ಕರಿಗೆ ಇನ್ನೊಂದು ಚಂಡಮಾರುತ ಬಂದು, ಮರುವರ್ಷ ಬೆಲೆ ಆರುನೂರು ಡಾಲರ್ ದಾಟಿತು. ಸುದ್ದಿಯನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. "ಯಾರದೋ ಮನೆ ಹಾರಿಹೋದರೆ ನಮಗೆ ಹಬ್ಬವೇ?" ಎಂದು ಎದ್ದುಹೋದರು.

ಕಾರ್ಖಾನೆಯ ವೆನಿಲಿನ್ ಮೇಲೆ ನನಗೆ ಕೋಪವಿಲ್ಲ. ಅದಿಲ್ಲದಿದ್ದರೆ ಜಾತ್ರೆಯಲ್ಲಿ ಬಡವರ ಮಗುವಿನ ಕೈಗೆ ಐಸ್‌ಕ್ರೀಮ್ ಬರುತ್ತಿರಲಿಲ್ಲ. ಎರಡರ ಅಣುವೂ ಒಂದೇ. ಒಂದು ಅಸಲು, ಒಂದು ನಕಲು ಎನ್ನಲು ಬಾರದು. ಬಳ್ಳಿಯ ಕೋಡಿನಲ್ಲಿ ಇನ್ನೂ ನೂರಾರು ಸಣ್ಣ ಪರಿಮಳಗಳು ಜೊತೆಗೂಡಿರುತ್ತವೆ ಎಂಬುದು ನಿಜ. ಆದರೆ ವೆನಿಲಿನ್ ಒಂದನ್ನೇ ಬೇರ್ಪಡಿಸಿ ಕೊಟ್ಟರೆ ಮೂಗಿಗೆ ವ್ಯತ್ಯಾಸ ತಿಳಿಯದು. ಪ್ರಯೋಗಶಾಲೆಗೆ ಮಾತ್ರ ತಿಳಿಯುತ್ತದೆ. ನಿನ್ನೆಮೊನ್ನೆ ಬೆಳೆದ ಗಿಡದಲ್ಲಿ ವಿಕಿರಣ ಸೂಸುವ ಇಂಗಾಲ ಸ್ವಲ್ಪ ಉಳಿದಿರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಮಲಗಿದ್ದ ಪೆಟ್ರೋಲಿಯಂನಲ್ಲಿ ಅದು ಪೂರ್ತಿ ಅಳಿದಿರುತ್ತದೆ. ಅದನ್ನು ಅಳೆದು, ಇದು ಗಿಡಮರದ ಕೂಸು, ಇದು ಎಣ್ಣೆಬಾವಿಯ ಕೂಸು ಎಂದು ಹೇಳಬಲ್ಲರು. ಆ ಒಂದು ಚೀಟಿಯ ಮೇಲೆ ಬೆಲೆ ಹತ್ತಾರು ಪಟ್ಟು ಹೆಚ್ಚಾಗುತ್ತದೆ.

ಇಂಗಾಲದ ವಯಸ್ಸನ್ನು ಹೀಗೆ ಕಂಡುಹಿಡಿಯುವ ಜಾಣ್ಮೆಗೆ ತಲೆಬಾಗುತ್ತೇನೆ. ಆದರೆ ಕೊಳ್ಳುವವನು ಹೆಚ್ಚು ಹಣ ಕೊಡುವುದು ತೋಟದ ಹೆಸರಿಗೆ. ತೋಟವೆಂದರೆ ನಸುಕಿನಲ್ಲಿ ಹೂವಿನಿಂದ ಹೂವಿಗೆ ಹೋದ ಕೈಗಳೇ ತಾನೆ? ಆ ಹಣದಲ್ಲಿ ಎಷ್ಟು ಪಾಲು ಆ ಕೈಗಳನ್ನು ಮುಟ್ಟಿತೆಂದು ಅಳೆದು ಹೇಳುವ ಪರೀಕ್ಷೆಯೊಂದು ನಮಗೆ ಬೇಕಾಗಿದೆ. ಅದು ರಸಾಯನಶಾಸ್ತ್ರದ ಕೆಲಸವಲ್ಲ, ವ್ಯಾಕರಣದ್ದೂ ಅಲ್ಲ. ಅಷ್ಟರಿಂದಲೇ ಅದು ಯಾರ ಕೆಲಸವೂ ಅಲ್ಲವೆಂದು ಸುಮ್ಮನಿರಬಹುದೆ?