ಕ್ಯಾರಿಯರ್ ಇಲ್ಲದ ಸೈಕಲ್

ನಮ್ಮ ಸಿನಿಮಾ, ಧಾರಾವಾಹಿಗಳಲ್ಲಿ ಸೈಕಲ್ ಬಂತು ಅಂದ್ರೆ ಸಾಮಾನ್ಯವಾಗಿ ಒಂದೋ ಅವನು ಬಡವ, ಇಲ್ಲಾ ಇನ್ನೂ ಹುಡುಗ. ಅದೃಷ್ಟ ಖುಲಾಯಿಸಿದ ಕೂಡಲೇ ಕಾರು ಬರುತ್ತೆ.

1992ರ ‘ಜೋ ಜೀತಾ ವಹೀ ಸಿಕಂದರ್’ ಬೇರೆ ಥರ. ಡೆಹ್ರಾಡೂನ್ ಕಾಲೇಜುಗಳ ಸೈಕಲ್ ರೇಸ್‌ನಲ್ಲಿ ಆಮಿರ್ ಖಾನ್ ಗೆಲ್ಲೋದನ್ನ ಟಿವಿಯಲ್ಲಿ ಎಷ್ಟು ಸಲ ನೋಡಿದ್ದೀನೋ! ಆದರೆ ಅಲ್ಲೂ ಮಿಂಚೋದು ರೇಸ್ ಸೈಕಲ್. ಅಕ್ಕಿ ಚೀಲ ಹೊರುವ ಅಪ್ಪನ ಸೈಕಲ್ ಅಲ್ಲ.

ಏಳನೇ ಕ್ಲಾಸಲ್ಲಿ, ‘ಸ್ಕೂಲ್ ಗೇಟ್ ತನಕ ಬೇಡಪ್ಪ, ತಿರುವಲ್ಲೇ ಇಳಿಸಿ’ ಅಂದಿದ್ದೆ. ಅಪ್ಪ ಯಾಕೆ ಅಂತ ಕೇಳಲಿಲ್ಲ. ಮರುದಿನದಿಂದ ತಿರುವಲ್ಲೇ ಇಳಿಸಿದರು.

ಹೋದ ತಿಂಗಳು ನಲವತ್ತು ಸಾವಿರ ಕೊಟ್ಟು ಸೈಕಲ್ ತಗೊಂಡೆ. ಆಫೀಸಲ್ಲಿ ಎಲ್ಲರೂ ‘ಸೂಪರ್’ ಅಂದರು. ಅಪ್ಪನಿಗೂ ಫೋಟೋ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: ‘ಚೆನ್ನಾಗಿದೆ. ಕ್ಯಾರಿಯರ್ ಇಲ್ವಲ್ಲೋ, ಮಗೂನ ಎಲ್ಲಿ ಕೂರಿಸ್ತೀಯಾ?’