ಹದಿನೈದು ದಿನದ ಅಕ್ಕ

ಬಿ.ಎ. ಕೊನೆಯ ವರ್ಷದ ಹುಡುಗಿಯೊಬ್ಬಳು ಶಿಫಾರಸು ಪತ್ರ ಕೇಳಿಕೊಂಡು ಬಂದಳು. ರಜೆಯಲ್ಲಿ ಎರಡು ವಾರ ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೋಗಿ, ಅಲ್ಲಿನ ಅನಾಥಾಲಯವೊಂದರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕು ಅಂತ ಅವಳ ಆಸೆ. ಅರ್ಜಿಯನ್ನು ತೆಗೆದು ಓದಿದೆ. ಪಾಸ್‌ಪೋರ್ಟ್ ಸಂಖ್ಯೆ, ಹಾಕಿಸಿಕೊಂಡ ಲಸಿಕೆಗಳು, ಸಸ್ಯಾಹಾರವೋ ಮಾಂಸಾಹಾರವೋ, ಕಡೆಯಲ್ಲಿ ಟೀ ಶರ್ಟಿನ ಅಳತೆ. ಅಲ್ಲಿನವರ ಖಮೇರ್ ಭಾಷೆ ಬರುತ್ತದೆಯೇ ಎಂದು ಕೇಳಿರಲಿಲ್ಲ. ಮಕ್ಕಳೊಂದಿಗೆ ಹಿಂದೆ ಕೆಲಸ ಮಾಡಿದ್ದುಂಟೇ ಎಂದೂ ಇಲ್ಲ. ಪೊಲೀಸರಿಂದ ನಡತೆಯ ಪ್ರಮಾಣಪತ್ರವೂ ಬೇಡ. ಮಕ್ಕಳಿರುವ ಮನೆಗೆ ಗುರುತಿಲ್ಲದವರನ್ನು ಬಿಟ್ಟುಕೊಳ್ಳುವವರಿಗೆ ಅವರ ಅಂಗಿಯ ಅಳತೆ ಬೇಕು, ಮಿಕ್ಕಿದ್ದು ಬೇಡ! ಆವತ್ತಿನಿಂದ ಆ ಟೀ ಶರ್ಟು ನನ್ನ ತಲೆಯಿಂದ ಇಳಿದಿಲ್ಲ.

ಹುಡುಗಿಯ ಉತ್ಸಾಹ ನೋಡಬೇಕಿತ್ತು. ಬಣ್ಣದ ಕಾಗದ, ಅಂಟು, ಬೆರಳಿಗೆ ಹಾಕುವ ಬಟ್ಟೆಯ ಬೊಂಬೆಗಳು, ಕುಣಿಸುವ ಹಾಡುಗಳು, ಎಲ್ಲವೂ ತಯಾರು. ಪಾಸ್‌ಪೋರ್ಟ್ ಒಂದು ಮಾತ್ರ ಇನ್ನೂ ಕೈಗೆ ಬಂದಿರಲಿಲ್ಲ. ಅವಳ ತಾಯಿ ಟಿ. ನರಸೀಪುರದ ಕಡೆ ಅಂಗನವಾಡಿ ಕಾರ್ಯಕರ್ತೆ. 1975ರಲ್ಲಿ ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದಾಗ ಕರ್ನಾಟಕದ ಪಾಲಿಗೆ ಮೊದಲು ಸಿಕ್ಕಿದ್ದು ಆ ತಾಲ್ಲೂಕು. ಆಕೆಗೆ ಫೋನ್ ಮಾಡಿ, ಮಗಳು ಹೀಗೆ ಹೊರಟಿದ್ದಾಳಲ್ಲ, ನೀವೇನಂತೀರಿ ಎಂದು ಕೇಳಿದೆ. "ಹೋಗ್ಲಿ ಬುಡಿ ಮೇಡಮ್ನೋರೆ, ಒಳ್ಳೆ ಕೆಲಸನೇ. ಆದ್ರೆ ಹೊಸದಾಗಿ ಬಂದ ಮಗ ಅಳು ನಿಲ್ಸೋಕೇ ಹದಿನೈದು ದಿವ್ಸ ಬೇಕು. ಅಷ್ಟೊತ್ಗೆ ಇವ್ಳು ವಾಪಸ್ ಬಸ್ ಹತ್ತಿರ್ತಾಳೆ" ಅಂದರು. ಕಾಂಬೋಡಿಯಾಕ್ಕೆ ಬಸ್ಸಿಲ್ಲ, ಅದು ಬೇರೆ ಮಾತು. ಮಿಕ್ಕಂತೆ ಇಷ್ಟು ಸರಿಯಾಗಿ ಯಾವ ಮನಶ್ಶಾಸ್ತ್ರಜ್ಞರೂ ಹೇಳಲಾರರು.

ಸಿಯೆಮ್ ರೀಪ್ ಅಂಗ್ಕೋರ್ ವಾಟ್‌ನ ಮಗ್ಗುಲ ಊರು. ಹನ್ನೆರಡನೆಯ ಶತಮಾನದ ಆ ದೇವಾಲಯ ನೋಡಲು ಲೋಕವೇ ಅಲ್ಲಿಗೆ ಬರುತ್ತದೆ. 1975ರಿಂದ 1979ರವರೆಗೆ ಖಮೇರ್ ರೂಜ್ ಆಳ್ವಿಕೆ ಆ ದೇಶದಲ್ಲಿ ಲಕ್ಷಾಂತರ ಜನರನ್ನು ಕೊಂದಿತು, ಲೆಕ್ಕವಿಲ್ಲದಷ್ಟು ಮಕ್ಕಳು ತಬ್ಬಲಿಗಳಾದರು. ಆದರೆ ಆ ಮಕ್ಕಳು ಈ ಶತಮಾನ ಹುಟ್ಟುವ ಹೊತ್ತಿಗೆ ಬೆಳೆದು ತಾವೇ ತಂದೆ ತಾಯಿಗಳಾಗಿದ್ದರು. ಅನಾಥಾಲಯಗಳು ಒಂದೊಂದಾಗಿ ಬಾಗಿಲು ಹಾಕಬೇಕಾಗಿದ್ದ ಕಾಲ ಅದು. ಆದದ್ದೇ ಬೇರೆ. 2005ರಿಂದ 2010ರೊಳಗೆ ಅವುಗಳ ಸಂಖ್ಯೆ ಶೇ. 75ರಷ್ಟು ಏರಿತು. ಒಳಗಿದ್ದ ಮಕ್ಕಳಲ್ಲಿ ಬಹುಪಾಲಿಗೆ ಅಪ್ಪನೋ ಅಮ್ಮನೋ, ಯಾರಾದರೊಬ್ಬರು ಬದುಕಿದ್ದರು. ಯುದ್ಧವಿಲ್ಲ, ಆದರೂ ಅನಾಥರು ಹೆಚ್ಚುತ್ತಾ ಹೋದರು. ನಿಜವಾಗಿ ಹೆಚ್ಚುತ್ತಿದ್ದವರು ಪ್ರವಾಸಿಗರು. ಬೆಳಿಗ್ಗೆ ದೇವಾಲಯ ನೋಡಿದವರು ಮಧ್ಯಾಹ್ನ ಮಕ್ಕಳನ್ನು ನೋಡಲು ಬರುತ್ತಿದ್ದರು, ಮನಸ್ಸು ಕರಗಿ ದುಡ್ಡು ಕೊಟ್ಟು ಹೋಗುತ್ತಿದ್ದರು. ಮಕ್ಕಳಿದ್ದರೆ ದುಡ್ಡು ಬರುತ್ತದೆ ಎಂದಾದ ಮೇಲೆ ಮಕ್ಕಳನ್ನು ಒಟ್ಟುಮಾಡುವವರೂ ಹುಟ್ಟಿಕೊಂಡರು. ಗದ್ದೆಯಂಚಿನ ಬಡ ಸಂಸಾರಕ್ಕೆ ಹೋಗಿ, "ನಿಮ್ಮ ಮಗುವಿಗೆ ಊಟ, ಇಂಗ್ಲಿಷ್ ವಿದ್ಯೆ" ಎಂದರೆ ಯಾವ ತಾಯಿ ತಾನೇ ಬೇಡವೆಂದಾಳು? ಕೆಲವು ಕಡೆ ಸಂಜೆಯಾದರೆ ಆ ಮಕ್ಕಳು ಅತಿಥಿಗಳೆದುರು ಕುಣಿಯಬೇಕಿತ್ತು. 2011ರಲ್ಲಿ ರಾಜಧಾನಿ ನಾಮ್ ಪೆನ್‌ನ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ, ಮಕ್ಕಳು ಪ್ರೇಕ್ಷಣೀಯ ವಸ್ತುಗಳಲ್ಲ ಎಂದು ಭಿತ್ತಿಪತ್ರ ಹಚ್ಚಿ ಆಂದೋಲನವನ್ನೇ ನಡೆಸಬೇಕಾಯಿತು. ಹೀಗೊಂದು ಮಾತನ್ನು ಗೋಡೆಯ ಮೇಲೆ ಬರೆದು ಹೇಳಬೇಕಾಗಿ ಬಂತಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ.

ಇಂಥ ಕಡೆ ಹೋಗಿಬಂದವರೆಲ್ಲ ಹೇಳುವ ಮಾತೊಂದಿದೆ: "ಗೇಟು ದಾಟುವುದೇ ತಡ, ಮಕ್ಕಳು ಓಡಿಬಂದು ತಬ್ಬಿಕೊಂಡರು!" ಹೇಳುವಾಗ ಅವರ ಕಣ್ಣು ತುಂಬಿರುತ್ತದೆ. ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮನೆಯಲ್ಲಿ ಬೆಳೆದ ಮೂರು ವರ್ಷದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಸೇರಿಕೊಳ್ಳುತ್ತದೆ. ಇಣುಕಿ ನೋಡುತ್ತದೆ, ಕರೆದರೆ ಬರುವುದಿಲ್ಲ, ಚಕ್ಕುಲಿ ಕೊಟ್ಟರೆ ಯೋಚಿಸುತ್ತದೆ. ಆ ಬಿಗುಮಾನ ಅದರ ಆರೋಗ್ಯದ ಗುರುತು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ಸಂಶೋಧಕರು ಅನಾಥಾಲಯದ 136 ಮಕ್ಕಳ ಅಧ್ಯಯನ ಶುರುಮಾಡಿದರು. ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು, ಉಳಿದವರ ಆರೈಕೆ ಮೊದಲಿನಂತೆಯೇ ನಡೆಯಿತು. ಮನೆ ಸಿಕ್ಕ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಸಿಕ್ಕವರು, ಎಷ್ಟೋ ಚೇತರಿಸಿಕೊಂಡರು. ಅನಾಥಾಲಯದಲ್ಲಿ ಬೆಳೆದ ಹಲವು ಮಕ್ಕಳಲ್ಲಿ ಗುರುತಿಲ್ಲದವರ ಕೈ ಹಿಡಿದು ಹೊರಟುಬಿಡುವ ಸ್ವಭಾವ ಕಂಡಿತು. ಓಡಿಬಂದು ತಬ್ಬಿಕೊಳ್ಳುವ ಮಗುವಿಗೆ ಬೇಕಾಗಿರುವುದು ದಿನವೂ ಕಾಣುವ ಒಂದೇ ಮುಖ. ಹದಿನೈದು ದಿನಕ್ಕೊಬ್ಬಳು ಅಕ್ಕ ಬಂದು, ಹಾಡು ಕಲಿಸಿ, ಅಳುತ್ತಾ ಬೀಳ್ಕೊಂಡು ಹೋದರೆ ಆ ಮಗು ಎಷ್ಟು ಸಲ ಅಂಥ ಅಗಲಿಕೆಯನ್ನು ನುಂಗಬೇಕು?

ಹಾಗಾದರೆ ಹೋಗಲೇಬೇಡ ಎನ್ನಲೇ? ಸ್ಟಾಫ್ ರೂಮಿನಲ್ಲಿ ಒಬ್ಬರು, "ಇಲ್ಲೇನು ಮಕ್ಕಳಿಗೆ ಬರವೇ?" ಎಂದು ನಕ್ಕರು. ಆ ಮಾತು ನನಗೆ ಹಿಡಿಸಲಿಲ್ಲ. ಗಡಿಯಾಚೆಯ ಮಗುವಿಗಾಗಿಯೂ ಮಿಡಿಯುವ ಮನಸ್ಸು ಇಪ್ಪತ್ತೊಂದರ ವಯಸ್ಸಿಗೆ ಸಿಕ್ಕಿದ್ದರೆ ಅದನ್ನು ಚಿವುಟಬಾರದು. ಅವಳ ಆಸೆ ದೊಡ್ಡದು, ಆ ಅರ್ಜಿ ಅದನ್ನು ಎರಡು ವಾರಕ್ಕೆ ಕತ್ತರಿಸಿಟ್ಟಿದೆ, ಅದೇ ನನ್ನ ತಕರಾರು. 1961ರಿಂದ 1976ರವರೆಗೆ ಅಮೆರಿಕದ ಪೀಸ್ ಕೋರ್ ಎಂಬ ಸ್ವಯಂಸೇವಾ ಸಂಸ್ಥೆಯ ತರುಣ ತರುಣಿಯರು ನಮ್ಮ ದೇಶಕ್ಕೆ ಬರುತ್ತಿದ್ದರು, ಅಂದಿನ ಮೈಸೂರು ರಾಜ್ಯಕ್ಕೂ ಬಂದರು. ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿದವರು. ಮೊದಲು ತಿಂಗಳುಗಟ್ಟಲೆ ತರಬೇತಿ, ಅದರಲ್ಲೇ ಕನ್ನಡದ ಪಾಠ, ಆಮೇಲೆ ಎರಡು ವರ್ಷ ಇಲ್ಲೇ ವಾಸ. ಅವರು ಮಾಡಿದ್ದೆಲ್ಲ ಸಫಲವಾಯಿತೆಂದಲ್ಲ. ಆದರೆ ಬಂದ ಊರಿನ ಮಾತು ಕಲಿಯದೆ ಆ ಊರಿಗೆ ಉಪಕಾರ ಮಾಡಲಾಗದು ಎಂಬುದಾದರೂ ಅವರನ್ನು ಕಳಿಸಿದವರಿಗೆ ಗೊತ್ತಿತ್ತು.

ಹುಡುಗಿಯನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಮುಖ ಸಣ್ಣದಾಯಿತು, ಆದರೆ ಎದ್ದು ಹೋಗಲಿಲ್ಲ. ಅನಾಥಾಲಯ ಬಿಟ್ಟುಬಿಡು ಎಂದೆ. ಸಂಜೆಯಾದರೆ ಮಕ್ಕಳು ತಮ್ಮ ತಮ್ಮ ಮನೆಗೆ ಓಡುವಂಥ ಶಾಲೆ ಹುಡುಕು. ಅಲ್ಲಿನ ಮೇಷ್ಟರಿಗೆ ನೆರವಾಗು, ಅವರ ಜಾಗದಲ್ಲಿ ನಿಲ್ಲಬೇಡ. ಕಡಿಮೆಯೆಂದರೆ ಆರು ತಿಂಗಳು ಇರು. ಡಿಗ್ರಿ ಮುಗಿಯಲಿ, ಅಲ್ಲಿಯವರೆಗೆ ರಜೆಯಲ್ಲಿ ಅಮ್ಮನ ಅಂಗನವಾಡಿಯಲ್ಲಿ ಅಳುವ ಮಕ್ಕಳ ಪಕ್ಕ ಕೂತು ಅಭ್ಯಾಸ ಮಾಡಿಕೋ.

"ಭಾಷೆ ಹೇಗೆ ಮೇಡಂ?" ಎಂದಳು. ಖಮೇರ್ ಲಿಪಿಯೂ ನಮ್ಮ ಹಾಗೆ ಬ್ರಾಹ್ಮಿಯ ಬಳ್ಳಿಯದೇ, ವರ್ಣಮಾಲೆ ಕ, ಖದಿಂದಲೇ ಶುರುವಾಗುತ್ತದೆ, ಒತ್ತಕ್ಷರಗಳೂ ಇವೆ. ಕಾಗುಣಿತ ತಿದ್ದಿದ ಕೈಗೆ ಅದು ತೀರಾ ಹೊಸದೇನೂ ಅಲ್ಲ. ಎರಡು ಗೆರೆಯ ನೋಟ್‌ಬುಕ್ ತಂದುಕೋ ಎಂದೆ.