ಕುಚ್ಚಲಕ್ಕಿಯ ಊರಿಗೆ ಸ್ಲೋ ಕುಕ್ಕರ್

ಮಂಗಳೂರಿನವರಿಗೆ ನಿಧಾನದ ಅಡುಗೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕುಚ್ಚಲಕ್ಕಿ ಬೇಯುವುದೇ ತನ್ನ ಮರ್ಜಿಗೆ. ಗ್ಯಾಸ್ ಉಳಿಸಲಿಕ್ಕೆಂದು ಇಲ್ಲಿ ಎಷ್ಟೋ ಮನೆಗಳಲ್ಲಿ ಥರ್ಮಲ್ ಕುಕ್ಕರ್ ಉಂಟು: ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಪಾತ್ರೆಯನ್ನು ಹಾಗೆಯೇ ಆ ಡಬ್ಬಿಗೆ ಇಳಿಸಿ ಮುಚ್ಚಿಟ್ಟರೆ, ಮಾರ್ಕೆಟಿಗೆ ಹೋಗಿ ಬರುವಷ್ಟರಲ್ಲಿ ಅನ್ನ ಆಗಿರುತ್ತದೆ. ಹಾಗಾಗಿ ನಾದಿನಿ ದುಬೈಯಿಂದ ಸ್ಲೋ ಕುಕ್ಕರ್ ಹೊತ್ತು ತಂದಾಗ, ಅದರ ಚೌಕ ಕಾಲಿನ ಪ್ಲಗ್ ಬಿಟ್ಟರೆ ಅತ್ತೆಗೆ ಹೊಸತೇನೂ ಕಾಣಲಿಲ್ಲ.

ಅಮೆರಿಕದಲ್ಲಿ ಇದು 1971ರಲ್ಲಿ ಕ್ರಾಕ್-ಪಾಟ್ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಮೂಲ ಪಾತ್ರೆ ಮಾಡಿದ ಇರ್ವಿಂಗ್ ನ್ಯಾಕ್ಸನ್‌ಗೆ ದಾರಿ ತೋರಿಸಿದ್ದು, ಲಿಥುವೇನಿಯಾದಲ್ಲಿ ಬೇಕರಿಯ ಆರುತ್ತಿರುವ ಒಲೆಯೊಳಗೆ ರಾತ್ರಿಯಿಡೀ ಬೇಯುತ್ತಿದ್ದ ಚೋಲೆಂಟ್ ಎಂಬ ಅಡುಗೆಯ ಬಗ್ಗೆ ತಾಯಿ ಹೇಳಿದ ಕಥೆ.

ನಮ್ಮ ಅಡುಗೆಯನ್ನು ಇದಕ್ಕೆ ಒಗ್ಗಿಸುವಾಗ ಮೊದಲ ತಕರಾರು ನೀರಿನದ್ದು. ನಮ್ಮ ಕೈಯ ಅಳತೆಯೆಲ್ಲ ಹಬೆ ಹಾರಿಹೋಗುವ ಪಾತ್ರೆಯದ್ದು. ಇಲ್ಲಿ ಹಬೆ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ತೊಟ್ಟಿಕ್ಕುತ್ತದೆ. ಕೋರಿ ಗಸಿಗೆ ವಾಡಿಕೆಯ ಅರ್ಧದಷ್ಟು ನೀರು ಸಾಕು, ಕೋಳಿಯೂ ನೀರು ಬಿಡುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ ಹುರಿದು ಅರೆದ ಮಸಾಲೆಯನ್ನು ಬಾಣಲೆಯಲ್ಲಿ ತೆಂಗಿನೆಣ್ಣೆಗೆ ಹಾಕಿ, ಪರಿಮಳ ಏಳುವವರೆಗೆ ಬಾಡಿಸಿಯೇ ಒಳಗೆ ಹಾಕಬೇಕು. ಹಸಿ ವಾಸನೆ ಒಮ್ಮೆ ಒಳಹೊಕ್ಕರೆ ಆರು ಗಂಟೆ ಬೆಂದರೂ ಹೋಗುವುದಿಲ್ಲ. ದಪ್ಪ ಕಾಯಿಹಾಲು ಕೊನೆಯ ಅರ್ಧ ಗಂಟೆಗೆ, ಇಲ್ಲದಿದ್ದರೆ ಒಡೆಯುತ್ತದೆ. ಬ್ರಾಯ್ಲರ್ ಬೇಗ ಎಳೆಎಳೆಯಾಗುತ್ತದೆ, ಊರ ಕೋಳಿಗೆ ಮಾತ್ರ ಇದು ಹೇಳಿ ಮಾಡಿಸಿದ ಪಾತ್ರೆ. ಒಲೆಯ ಮೇಲೆ ಒಂದು ಗಂಟೆ ಬೇಕಾದದ್ದಕ್ಕೆ ಹೈಯಲ್ಲಿ ಮೂರು-ನಾಲ್ಕು ಗಂಟೆ, ಲೋದಲ್ಲಿ ಆರೆಂಟು ಗಂಟೆ.

ನಾದಿನಿ ಮೀನನ್ನೂ ಹಾಕಹೊರಟಳು. "ಬಂಗುಡೆಗೆ ಆರು ಗಂಟೆ ಯಾಕೆ ಮಾರಾಯ್ತಿ? ಹತ್ತು ನಿಮಿಷದಲ್ಲಿ ಆಗುತ್ತದಲ್ಲ!" ಎಂದರು ಅತ್ತೆ. ಸರಿಯೇ. ಮೀನಿನ ಪುಳಿಮುಂಚಿ ಮರುದಿನ ರುಚಿಯಾಗುವುದು ಬೆಂದು ಬೆಂದು ಅಲ್ಲ, ಹುಳಿ-ಖಾರದಲ್ಲಿ ಸುಮ್ಮನೆ ಕೂತು.

ರಾಜ್ಮಾದ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಅದರಲ್ಲಿರುವ ವಿಷದ ಅಂಶ ಮಂದ ಬಿಸಿಗೆ ಸಾಯುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿಯೇ ಹಾಕಬೇಕು.

ಅತ್ತೆ ಕೊನೆಗೆ ಒಪ್ಪಿದ್ದು ಹುರುಳಿಗೆ. ರಾತ್ರಿ ಲೋದಲ್ಲಿಟ್ಟರೆ ಬೆಳಿಗ್ಗೆ ಬೆರಳಿಗೆ ಹಿಸುಕಿಹೋಗುವಷ್ಟು ಮೆತ್ತಗೆ. ಹುಣಸೆ ಆಮೇಲೆಯೇ, ಮೊದಲೇ ಹಾಕಿದರೆ ಕಾಳು ಮೆತ್ತಗಾಗಲು ಹಟ ಮಾಡುತ್ತದೆ. ಆದರೆ ಕುಡುತ ಸಾರು, ಅಂದರೆ ಹುರುಳಿ ಸಾರು, ಬತ್ತಿ ಬತ್ತಿ ದಪ್ಪವಾಗಬೇಕಲ್ಲ, ಮುಚ್ಚಿದ ಪಾತ್ರೆಯಲ್ಲಿ ಬತ್ತುವುದೆಲ್ಲಿಂದ? ಸಾರನ್ನು ಒಲೆಗೆ ದಾಟಿಸಲೇಬೇಕು. ಬೆಳ್ಳುಳ್ಳಿ ಒಗ್ಗರಣೆಗೂ ಹೇಗಿದ್ದರೂ ಗ್ಯಾಸ್ ಹಚ್ಚಬೇಕಷ್ಟೆ.